ಇಲ್ಲ ಎಂಬುದರ ಮೇಲೊಂದು ಗೀಟು

ಗದಗಿನ ಒಂದು ಛಾಪಖಾನೆಯಲ್ಲಿ, ಪಂಚಾಂಗಗಳು, ಲಗ್ನಪತ್ರಿಕೆಗಳು ಮತ್ತು ಏಳನೇ ಇಯತ್ತೆಯ ಗೈಡುಗಳ ನಡುವೆ ನಾನು ಹುಟ್ಟಿದೆ. ನಾನು ಒಂದು ಅರ್ಜಿ. ಆರೋಗ್ಯ ವಿಮೆ ಬೇಕೆನ್ನುವವರು ತುಂಬಿಕೊಡುವ ಅರ್ಜಿ. ಎಂಟು ಪುಟ, ಬೆನ್ನಿಗೆ ಎರಡು ಪಿನ್ನು, ಎಡಮೂಲೆಯಲ್ಲಿ ಕೆಂಪು ಶಾಯಿಯ ನಂಬರು.

ಕಾಗದದ ಜಾತಿಯಲ್ಲಿ ನಮಗೇನೂ ದೊಡ್ಡ ಮರ್ಯಾದೆಯಿಲ್ಲ. ಪಕ್ಕದ ಮೇಜಿನ ಲಗ್ನಪತ್ರಿಕೆಗಳು ನಮ್ಮನ್ನು ಕಂಡು ನಗುತ್ತಿದ್ದವು. "ನಮ್ಮನ್ನ ಓದಿದ್ರ ಮಂದಿ ಊಟಕ್ಕ ಬರ್ತಾರ. ನಿಮ್ಮನ್ನ ಓದಿದ್ರ ಇದ್ದ ಹಸಿವೂ ಹೋಗ್ತೈತಿ," ಎಂದು ಒಂದು ಹೇಳಿದರೆ ಉಳಿದವೆಲ್ಲ ಅಂಚಿನ ಬಂಗಾರದ ಬಣ್ಣ ಉದುರುವ ಹಾಗೆ ನಗುವುದು. ನಮಗೆ ಸಿಟ್ಟು ಬರುತ್ತಿತ್ತು, ನಿಜ. ಆದರೆ ಮಷಿನ್ ನಡೆಸುವ ಮುದುಕ ನನ್ನ ಮೂರನೇ ಪುಟವನ್ನು ಬೆಳಕಿಗೆ ಹಿಡಿದು ನೋಡಿ, "ಗೆರಿ ನೆಟ್ಟಗ ಬಂದಾವ ನೋಡ್," ಎಂದು ತನಗೆ ತಾನೇ ಹೇಳಿಕೊಂಡಾಗ ನನ್ನ ಎದೆ ಉಬ್ಬಿತು. ನನ್ನ ಒಳಗಿನ ಆಸೆ ಒಂದೇ ಆಗಿತ್ತು. ಯಾರಾದರೂ ಒಳ್ಳೆಯ ಅಕ್ಷರದವರು ನನ್ನನ್ನು ತುಂಬಬೇಕು, ಎಲ್ಲಿಯೂ ಒಂದು ಚಿತ್ತು ಕಾಟು ಇರಬಾರದು, ತೊಳೆದ ಮುತ್ತಿನ ಹಾಗೆ ಕಚೇರಿ ಸೇರಬೇಕು.

ನನ್ನ ಮೂರನೇ ಪುಟದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಕಥೆಯೆಲ್ಲ ಅಲ್ಲೇ ನಡೆಯುವುದು. ಮನೆಯ ಒಬ್ಬೊಬ್ಬರ ಹೆಸರು, ಹುಟ್ಟಿದ ತಾರೀಖು ಬರೆದ ಮೇಲೆ ಅಲ್ಲಿ ಪ್ರಶ್ನೆಗಳಿವೆ. ಸಕ್ಕರೆ ಕಾಯಿಲೆ ಇದೆಯೇ, ಹೃದಯದ ತೊಂದರೆ ಇತ್ತೇ, ಹಿಂದೆ ಯಾವುದಾದರೂ ಆಪರೇಷನ್ ಆಗಿದೆಯೇ. ಪ್ರತಿ ಪ್ರಶ್ನೆಯ ಎದುರಿಗೆ ಎರಡು ಪುಟ್ಟ ಚೌಕ. ಒಂದರ ಮೇಲೆ ಹೌದು, ಇನ್ನೊಂದರ ಮೇಲೆ ಇಲ್ಲ. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಇಷ್ಟೇ ನನ್ನ ವಿದ್ಯೆ.

ಛಾಪಖಾನೆಯಿಂದ ನಾನು ಗುರುಶಾಂತ ಮೇಟಿ ಎನ್ನುವ ಏಜೆಂಟರ ಚೀಲಕ್ಕೆ ಬಿದ್ದೆ. ಒಳ್ಳೆಯ ಮನುಷ್ಯ. ಕೆಟ್ಟದ್ದೆಂದರೆ ಅವರ ಅವಸರ. ಚೀಲದಲ್ಲಿ ನಾವು ಹನ್ನೊಂದು ಅರ್ಜಿಗಳು, ಒಂದು ಛತ್ರಿ, ಒಂದು ಬಾಚಣಿಗೆ. ಯಾವುದೋ ಮಧ್ಯಾಹ್ನ ಅವರು ತಿನ್ನಲು ತಂದ ಗಿರ್ಮಿಟ್ಟಿನ ಪೊಟ್ಟಣವನ್ನೂ ನಮ್ಮ ಮೇಲೆಯೇ ಇಟ್ಟರು. ಕಡೆಯ ಪುಟದ ಮೂಲೆಗೆ ಎಣ್ಣೆ ಹತ್ತಿತು. ನನ್ನ ಮೊದಲ ಕಲೆ. ಆ ದಿನ ನಾನು ಬಹಳ ನೊಂದುಕೊಂಡೆ. ಮುಂದೆ ಏನೇನು ಕಾದಿದೆ ಎಂದು ತಿಳಿದಿದ್ದರೆ ಒಂದು ಎಣ್ಣೆ ಚುಕ್ಕೆಗೆ ಅಷ್ಟು ಅಳುತ್ತಿರಲಿಲ್ಲ.

ಒಂದು ಸಂಜೆ ಮೇಟಿಯವರು ನನ್ನನ್ನು ಬೆಟಗೇರಿಯ ಬಡಿಗೇರ ಮನೆಗೆ ಒಯ್ದರು. ಮೌನೇಶ ಬಡಿಗೇರ ಬಾಗಿಲು ಕಿಟಕಿ ಮಾಡುವವನು. ಮೈಯೆಲ್ಲ ಮರದ ಹೊಟ್ಟು, ಕಿವಿಯ ಮೇಲೆ ಪೆನ್ಸಿಲ್. ಅವನ ಹೆಂಡತಿ ಅನಸೂಯಾ ಮನೆಯಲ್ಲಿರಲಿಲ್ಲ, ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋಗಿದ್ದಳು. ಹೀಗಾಗಿ ಉತ್ತರ ಹೇಳಲು ಕೂತದ್ದು ಮೌನೇಶನ ತಾಯಿ ಕಾಳವ್ವ. ದೇವರ ಮುಂದೆ ಆಗಷ್ಟೇ ದೀಪ ಹಚ್ಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಕೂತಳು. ಮೊಮ್ಮಗಳು ಭುವನಾ ಅಜ್ಜಿಯ ತೊಡೆಗೆ ಆತುಕೊಂಡು ನನ್ನ ನಂಬರನ್ನು ಓದುತ್ತಿತ್ತು.

"ಹುಡುಗಿಗೆ ಎಷ್ಟು ವರ್ಷ್ರಿ ಅಮ್ಮಾರ?" ಎಂದರು ಮೇಟಿ.

"ಏಳು ತುಂಬೇತಿ. ಶೀಗೀ ಹುಣ್ಣಿವಿ ಮರುದಿನ."

"ಏನಾರ ಬ್ಯಾನಿ, ಆಪರೇಷನ್ನು?"

"ಬಿಡ್ತು ಅನ್ನಪ್ಪಾ! ದೀಪ ಹಚ್ಚಿದ ಹೊತ್ತಿನ್ಯಾಗ ಎಂಥಾ ಮಾತು ತಗೀತಿ? ನಮ್ಮ ಹುಡುಗಿ ಏಳು ವರ್ಷದಾಗ ಒಂದ ಸಲ ಕೆಮ್ಮಿಲ್ಲ."

ಮೌನೇಶ ಏನೋ ಹೇಳಲು ಬಾಯಿ ತೆರೆದ. ಕಾಳವ್ವ ಅವನ ಕಡೆ ಒಂದು ನೋಟ ನೋಡಿದಳು. ಅವನು ಬಾಯಿ ಮುಚ್ಚಿದ. ಮೇಟಿಯವರ ಪೆನ್ನು ಮೂರನೇ ಪುಟದ ಮೇಲಿಂದ ಕೆಳಗೆ ಓಡಿತು. ಇಲ್ಲ, ಇಲ್ಲ, ಇಲ್ಲ, ಇಲ್ಲ. ಸಾಲಾಗಿ ಹಾಕಿದ ಗುರುತುಗಳು, ಹಾರಿಹೋಗುವ ಹಕ್ಕಿಗಳ ಹಾಗೆ ಚೆಂದ ಕಂಡವು. ಮೌನೇಶ ಸಹಿಗೆಂದು ಕಿವಿಯ ಮೇಲಿನ ಪೆನ್ಸಿಲ್ಲಿಗೇ ಕೈ ಹಾಕಿದ. "ಇದೇನು ಹಲಗಿ ಏನಪಾ, ಗುರುತು ಹಾಕಿ ಕೊಯ್ಯಾಕ?" ಎಂದು ಮೇಟಿ ನಕ್ಕು ತಮ್ಮ ಪೆನ್ನು ಕೊಟ್ಟರು. ಚಿತ್ತಿಲ್ಲ, ಕಾಟಿಲ್ಲ. ನನ್ನಷ್ಟು ಸುಖಿ ಆ ಸಂಜೆ ಬೆಟಗೇರಿಯಲ್ಲಿ ಯಾರೂ ಇರಲಿಲ್ಲ.

ಮರುದಿನ ಮೇಟಿಯವರು ನನ್ನನ್ನು ಝೆರಾಕ್ಸ್ ಅಂಗಡಿಗೆ ಒಯ್ದು, ನನ್ನಂತೆಯೇ ಇನ್ನೊಂದನ್ನು ತೆಗೆಸಿದರು. ಹಸಿರು ಬೆಳಕು ಬೆನ್ನ ಮೇಲೆ ಹಾದುಹೋಗುವಾಗ ಕಚಗುಳಿಯಾಯಿತು. ಎದ್ದು ನೋಡಿದರೆ ಪಕ್ಕದಲ್ಲಿ ಬೆಚ್ಚಗಿನ ಒಬ್ಬ ತಮ್ಮ! ಎಣ್ಣೆಯ ಚುಕ್ಕೆ ಸಹ ಅವನ ಮೈಮೇಲೆ ಬೂದು ಮಚ್ಚೆಯಾಗಿ ಬಂದಿತ್ತು. ತಮ್ಮನನ್ನು ಬಡಿಗೇರ ಮನೆಗೆ ಕೊಟ್ಟರು, ನನ್ನನ್ನು ಕಂಪನಿಯ ಶಾಖೆಗೆ. ಅಲ್ಲಿ ಮೆಹಜಬೀನ್ ಮೇಡಂ ನನ್ನ ನಂಬರನ್ನು ರಿಜಿಸ್ಟರಿಗೆ ಏರಿಸಿ, ಹುಬ್ಬಳ್ಳಿಗೆ ಹೋಗುವ ಟಪಾಲಿನ ತಟ್ಟೆಯಲ್ಲಿ ಇಟ್ಟರು. ನಾಲ್ಕು ಗಂಟೆಗೆ ಟಪಾಲು ಹೊರಡುವುದು.

ಮೂರು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಓಡುತ್ತ ಮೆಟ್ಟಿಲು ಹತ್ತಿ ಬಂದಳು. ಮೊಣಕೈವರೆಗೂ ಜೋಳದ ಹಿಟ್ಟು ಒಣಗಿತ್ತು. ಕೈಯಲ್ಲಿ ಮಡಚಿ ಹಿಡಿದದ್ದು ನನ್ನ ತಮ್ಮ. ಅವಳು ಅನಸೂಯಾ.

"ಮೇಡಂರ, ನಮ್ಮ ಅರ್ಜಿ ಹೋಗೇತೇನ್ರೀ? ಅದರಾಗ ತಪ್ಪು ಐತ್ರಿ. ನನ್ನ ಮಗಳಿಗೆ ಏಳಲ್ಲ, ಒಂಬತ್ತು. ಮತ್ತ ಅಕಿಗೆ ಆಪರೇಷನ್ ಆಗೇತಿ. ಎದಿದು."

ಮೇಟಿಯವರು ಅಲ್ಲೇ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಎದ್ದು ಬಂದು ಮೆಲ್ಲಗೆ, "ಅಕ್ಕಾರ, ಸುಮ್ನ ಮನಿಗಿ ನಡ್ರಿ. ಖರೇ ಬರದ್ರ ಹುಡುಗಿ ಹೆಸರ ತಗದ ಒಗೀತಾರ. ಯಾರ ನೋಡಾಕ ಬರ್ತಾರ?" ಎಂದರು.

"ಅಣ್ಣಾರ, ಹಿಟ್ಟು ಮುಗ್ಗಲಾಗಿದ್ರ ನಾದೂ ಮುಂದ ಗೊತ್ತಾಗಬೇಕು. ಗಿರಾಕಿ ತಾಟಿಗೆ ಬಿದ್ದ ಮ್ಯಾಲೆ ಗೊತ್ತಾದ್ರ ಏನ ಮಾಡ್ಲಿ? ಅವನ ಬಾಯಾಗಿಂದು ಕಸಗೊಳ್ಲೇನು?"

ಮೇಟಿ ತಿರುಗಿ ಲೋಟ ಎತ್ತಿಕೊಂಡರು. ಮೆಹಜಬೀನ್ ಮೇಡಂ ತಟ್ಟೆಯಿಂದ ನನ್ನನ್ನು ಎತ್ತಿ, ಮೂರನೇ ಪುಟ ತೆರೆದು ಮೇಜಿನ ಮೇಲೆ ಹರಡಿದರು. ಅನಸೂಯಾಳ ದನಿ ಇಳಿಯಿತು.

"ಖರೇ ಬರದ್ರ ಅಕಿನ್ನ ಬಿಡ್ತೀರೇನ್ರೀ?"

"ಬಿಡೂದಿಲ್ಲ ಅಂತ ನಾ ಸುಳ್ಳು ಭರವಸೆ ಕೊಡಾಕ ಬರೂದಿಲ್ರಿ. ಅದನ್ನ ಹುಬ್ಬಳ್ಳಿಯಾಗ ಡಾಕ್ಟರ್ ನೋಡ್ತಾರ. ಬಿಟ್ರೂ ಬಿಡಬಹುದು," ಎಂದರು ಮೇಡಂ. "ಆದ್ರ ಇದು ಹಿಂಗ ಹೋದ್ರ, ನಾಳೆ ಹುಡುಗಿ ದವಾಖಾನಿ ಸೇರಿದ ದಿನ ಎದಿ ಮ್ಯಾಲಿನ ಹೊಲಿಗಿ ಕಾಣತೈತಿ. ಅವತ್ತು ನಿಮ್ಮ ಪಾಲಿಸಿನ ಸುಳ್ಳಾಗತೈತಿ. ಎದಿಗೆ ಅಷ್ಟ ಅಲ್ಲ, ಬ್ಯಾರೆ ಯಾವ ಬ್ಯಾನಿಗೂ ರೊಕ್ಕ ಸಿಗಲಿಕ್ಕಿಲ್ಲ. ಹೇಳಿದ್ದನ್ನ ಕಾಯಾಕ ನಮಗ ಬರತೈತಿ. ಮುಚ್ಚಿಟ್ಟದ್ದನ್ನ ಹೆಂಗ ಕಾಯೋಣ?"

ಅನಸೂಯಾ ಬಾಗಿ ನನ್ನನ್ನೇ ನೋಡಿದಳು. ಆ ಸಾಲು ಹಕ್ಕಿಗಳಂಥ ಗುರುತುಗಳನ್ನು. ಅವಳ ಕಣ್ಣು ತುಂಬಿದ್ದವು, ಆದರೆ ಹನಿ ನನ್ನ ಮೇಲೆ ಬೀಳದಂತೆ ಹಿಂದೆ ಸರಿದಳು. "ತಿದ್ದೂಣ್ರಿ," ಎಂದಳು.

ತಿದ್ದಬೇಕಾದರೆ ಅರ್ಜಿಗೆ ಸಹಿ ಹಾಕಿದ ಮೌನೇಶ ಬರಬೇಕು, ಆಸ್ಪತ್ರೆಯ ಹಳೆಯ ಕಾಗದ ಬೇಕು, ಭುವನಾಳ ಜನ್ಮದಾಖಲೆ ಬೇಕು. ಎರಡು ದಿನ ನನ್ನನ್ನು ತಡೆದು ಇಡುವುದಾಗಿ ಮೇಡಂ ಹೇಳಿ, ನನ್ನ ತಮ್ಮನನ್ನೂ ನನ್ನನ್ನೂ ಒಂದೇ ಕ್ಲಿಪ್ಪಿಗೆ ಸಿಕ್ಕಿಸಿದರು. ಬಡಿಗೇರ ಮನೆಯಲ್ಲಿ ನಡೆದದ್ದೆಲ್ಲ ಆಗ ನನಗೆ ತಮ್ಮನಿಂದ ತಿಳಿಯಿತು.

ಏಳು ವರ್ಷದ ಹಿಂದೆ, ಭುವನಾಗೆ ಎರಡು ವರ್ಷವಾಗಿದ್ದಾಗ, ಅವಳ ಹೃದಯದಲ್ಲಿದ್ದ ರಂಧ್ರವನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮುಚ್ಚಿದರು. ಕೂಸು ಉಳಿಯಿತು. ಮನೆಗೆ ಕರೆತಂದಾಗ ಕಾಳವ್ವ ಹೊಸ್ತಿಲಲ್ಲೇ ತಡೆದಳಂತೆ. ಕೂಸನ್ನು ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯವಳ ಕೈಗೆ ಕೊಟ್ಟು, ಒಂದು ಸೇರು ಜೋಳ ಅಳೆದು ಹಾಕಿ ಅದೇ ಕೂಸನ್ನು ಮರಳಿ ಕೊಂಡಳಂತೆ. "ಆ ಕೂಸು ಹೋತು. ಇದು ನಾ ಕೊಂಡ ಕೂಸು. ಅದರ ಬ್ಯಾನಿ ಅದರ ಕೂಡ ಹೋತು," ಎಂದಳಂತೆ. ಸಾವಿನ ಕಣ್ಣಿಗೆ ಮಣ್ಣೆರಚುವ ಹಳೆಯ ಉಪಾಯ. ಅಂದಿನಿಂದ ಆ ಮನೆಯಲ್ಲಿ ಆ ರೋಗದ ಹೆಸರನ್ನು ಯಾರೂ ಎತ್ತುವಂತಿಲ್ಲ, ಎತ್ತಿದರೆ ಅದಕ್ಕೆ ದಾರಿ ತೋರಿಸಿದಂತೆ. ವಯಸ್ಸನ್ನೂ ಕಾಳವ್ವ ಕೊಂಡ ದಿನದಿಂದಲೇ ಎಣಿಸುವಳು. ಶಾಲೆಗೆ ಹಚ್ಚುವಾಗ ಅನಸೂಯಾ ಸರಿಯಾದ ತಾರೀಖು ಬರೆಸಿದ್ದಕ್ಕೆ ಸೊಸೆಯೊಡನೆ ಎಂಟು ದಿನ ಮಾತು ಬಿಟ್ಟಿದ್ದಳಂತೆ.

ಅಂದರೆ ಮುದುಕಿ ಆ ಸಂಜೆ ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಅದೇ ನಿಜ.

ಅನಸೂಯಾ ತಮ್ಮನನ್ನು ಓದಿ, ಅತ್ತೆಯ ಮುಂದೆ ಕೂತು ಹೇಳಿದಳಂತೆ: "ಅತ್ತಿ, ನಮ್ಮ ಮೊರ ಕಂಪನಿಯವರಿಗೆ ಗೊತ್ತಿಲ್ರಿ."

"ಗೊತ್ತಿರದಿದ್ರ ನೀ ಹೇಳಬ್ಯಾಡ. ಬಾಯಿಂದ ತಗದಿ ಅಂದ್ರ ನೋಡ್."

"ಒಂದು ಸೇರು ಜೋಳ ಹಾಕಿ ಕೊಂಡವ್ರು ನೀವು. ಕೊಂಡ ಮ್ಯಾಲೆ ಕಾಯೂದು ಬ್ಯಾಡೇನ್ರೀ?"

ಕಾಳವ್ವ ಎದ್ದು ಹಿತ್ತಲಿಗೆ ಹೋದಳಂತೆ. ಅನಸೂಯಾ ತಮ್ಮನನ್ನು ಹಿಡಿದು ಓಡಿ ಬಂದಳು. ತಮ್ಮನಿಗೆ ತಿಳಿದದ್ದು ಇಷ್ಟೇ. ಇನ್ನೊಂದು ಮಾತೂ ಹೇಳಿದ, ಕೆಟ್ಟ ಸುದ್ದಿ. ಆಸ್ಪತ್ರೆಯ ಹಳೆಯ ಕಾಗದವನ್ನೆಲ್ಲ ಕಾಳವ್ವ ಅಂದೇ ಹೊಳೆಗೆ ಬಿಟ್ಟುಬಂದಿದ್ದಾಳೆಂದು ಮನೆಯವರೆಲ್ಲ ನಂಬಿದ್ದಾರಂತೆ.

ಆ ಎರಡು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಕಾಗದವಿಲ್ಲದೆ ನನ್ನನ್ನು ತಿದ್ದುವುದು ಹೇಗೆ? ಒಳಗೊಳಗೆ ಇನ್ನೊಂದು ಸಣ್ಣ ಬುದ್ಧಿಯೂ ಇತ್ತು, ಮುಚ್ಚಿಡುವುದಿಲ್ಲ. ನನ್ನ ಮೈಮೇಲೆ ಗೀಟು ಬೀಳುವುದು ನನಗೆ ಬೇಡವಾಗಿತ್ತು. ನನ್ನನ್ನು ಹರಿದುಹಾಕಿ ಹೊಸ ಅರ್ಜಿ ತುಂಬುತ್ತಾರೇನೋ ಎಂಬ ಭಯ ಬೇರೆ.

ಎರಡನೇ ದಿನ ಮಧ್ಯಾಹ್ನ ಮೂವರೂ ಬಂದರು, ಹುಡುಗಿಯ ಸಮೇತ. ಎಲ್ಲರಿಗಿಂತ ಮುಂದೆ ಕಾಳವ್ವ, ಕಂಕುಳಲ್ಲಿ ಒಂದು ಗಂಟು. ಒಳಗೆ ಬಂದವಳೇ ಮೊಮ್ಮಗಳ ಕಡೆ ತಿರುಗಿ, "ನೀ ಹೊರಗ ಆಡು ಹೋಗ," ಎಂದು ಕಳಿಸಿ, ಬಾಗಿಲನ್ನು ಅರ್ಧ ಮುಚ್ಚಿ ಕುರ್ಚಿಯಲ್ಲಿ ಕೂತಳು.

"ಆಯಿ, ಹೇಳ್ರಿ. ಕೂಸಿಗೆ ಏನಾಗಿತ್ತು?" ಎಂದರು ಮೆಹಜಬೀನ್ ಮೇಡಂ.

ಕಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅನಸೂಯಾ ಹೇಳಲು ಮುಂದೆ ಬಂದರೆ ಮೇಡಂ ಕಣ್ಣಲ್ಲೇ ತಡೆದರು.

"ನಮ್ಮ ಅಮ್ಮಾನೂ ಹಂಗರೀ ಆಯಿ. ಕತ್ತಲಾದ ಮ್ಯಾಲೆ ಹಾವು ಅಂತ ಅಂದಾಕಿ ಅಲ್ಲ. ಹುಳ ಅಂತಿದ್ಲು. ಹೆಸರು ತಗದ್ರ ಬರತೈತಿ ಅಂತ ಅಂಜಿಕಿ. ಆದ್ರ ಒಂದ ಸಲ ನಮ್ಮ ಕಾಕಾಗ ಕಚ್ಚಿತು ನೋಡ್ರಿ, ಡಾಕ್ಟರ್ ಮುಂದ ಎಲ್ಲಾರಕಿಂತ ಮದಲ ಅಕಿನ ಚೀರಿದ್ಲು. ಹಾವು ಕಚ್ಚೇತಿ, ಹಾವು, ಅಂತ. ಔಷಧ ಕೊಡೋರ ಮುಂದ ಹುಳ ಅಂತ ಹೇಳಾಕ ಬರೂದಿಲ್ಲಲ್ರಿ."

ಕಾಳವ್ವ ಸೆರಗು ಇಳಿಸಿದಳು.

"ಎದಿಯಾಗ ತೂತು ಇತ್ತವ್ವಾ," ಎಂದಳು. "ಸಣ್ಣ ತೂತು. ಮುಚ್ಚ್ಯಾರ."

ಹೇಳಿದವಳೇ ತಟ್ಟನೆ ಬಾಗಿಲ ಕಡೆ ನೋಡಿದಳು. ಹೊರಗೆ ಭುವನಾ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಿತ್ತು. ಚಪ್ಪಲಿಯ ಪಟಪಟ ಸದ್ದು ಕೆಳಗಿಳಿಯಿತು, ಮೇಲೆ ಬಂತು, ಮತ್ತೆ ಕೆಳಗಿಳಿಯಿತು. ಕಾಳವ್ವ ಆ ಸದ್ದನ್ನು ಬಹಳ ಹೊತ್ತು ಕೇಳಿದಳು. ಆಮೇಲೆ ಗಂಟು ಬಿಚ್ಚಿದಳು. ಒಳಗೆ ಆಸ್ಪತ್ರೆಯ ಕಾಗದಗಳು, ಎಲ್ಲವೂ ಇದ್ದವು. ಮಡಿಕೆಗಳಲ್ಲಿ ಜೋಳದ ಧೂಳು.

ಅನಸೂಯಾಳಿಗೆ ನಂಬಲಾಗಲಿಲ್ಲ. "ಅತ್ತಿ! ಹೊಳಿಗೆ ಬಿಟ್ಟೇನಿ ಅಂದಿದ್ರಲ್ಲ?"

"ಬಿಡಾಕ ಹೋಗಿದ್ದೆ. ನೀರಾಗ ಮೊಣಕಾಲಮಟ ಇಳದಿದ್ದೆ. ಕೆಳಗ ಆ ಡಾಕ್ಟರನ ಸಹಿ ಕಾಣಿಸ್ತು. ಕೂಸು ಉಳಿಸಿದ ಕೈ ಅದು. ಹೆಂಗ ಮುಳುಗಿಸ್ಲಿ? ಜ್ವಾಳದ ಡಬ್ಬಿ ತಳಕ್ಕ ಇಟ್ಟೆ." ಎಂದು ಹೇಳಿ, ಸೊಸೆಯ ಮೇಲೆಯೇ ಹರಿಹಾಯ್ದಳು: "ಏಳು ವರ್ಷಾತು ಅದ ಡಬ್ಬಿ ಜ್ವಾಳದ್ದ ರೊಟ್ಟಿ ಬಡಿತಿ. ಒಂದ ಸಲನಾರ ಡಬ್ಬಿ ತಳ ನೋಡಿಯೇನು?"

ಮೌನೇಶ ಮೊದಲ ಸಲ ಬಾಯಿಬಿಟ್ಟು ನಕ್ಕ. ಮೂಲೆಯ ಕುರ್ಚಿಯಲ್ಲಿದ್ದ ಮೇಟಿಯವರೂ ನಕ್ಕರು. ಅನಸೂಯಾ ನಗುತ್ತ ಅಳುತ್ತ ಅತ್ತೆಯ ಕೈ ಹಿಡಿದಳು.

ಹೊಸ ಅರ್ಜಿ ಬೇಡ ಎಂದರು ಮೇಡಂ. ನನ್ನ ನಂಬರು ಆಗಲೇ ರಿಜಿಸ್ಟರಿನಲ್ಲಿದೆ. ಬಿಳಿ ಬಣ್ಣ ಬಳಿಯುವ ಹಾಗಿಲ್ಲ, ಗೀಚಿ ಕಪ್ಪು ಮಾಡುವ ಹಾಗೂ ಇಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೀಟು. ಕೆಳಗಿನ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ನಿಜ ಬರೆದು, ಅದರ ಪಕ್ಕ ಸಹಿ, ತಾರೀಖು. ಮೊದಲು ಏನಿತ್ತು, ಯಾರು ತಿದ್ದಿದರು, ಯಾವಾಗ ತಿದ್ದಿದರು, ಮೂರೂ ಕಾಣಬೇಕು.

ಬರೆದವಳು ಅನಸೂಯಾ. ಮೊದಲು, ಜನ್ಮದಾಖಲೆ ನೋಡಿ, ಹುಟ್ಟಿದ ತಾರೀಖು. ಆಮೇಲೆ ಹೃದಯ, ಆಮೇಲೆ ಆಪರೇಷನ್. ಎರಡು ಇಲ್ಲಗಳ ಮೇಲೆ ಎರಡು ಗೀಟು, ಎರಡು ಹೌದು. ಅವಳ ಬೆರಳಿಗೆ ಹಂಚಿನ ಕಾವು ಗೊತ್ತು, ಪೆನ್ನಿನ ಅಭ್ಯಾಸ ಕಡಿಮೆ. ಬಹಳ ಒತ್ತಿ ಬರೆದಳು. ಆ ಗೀಟು ನನ್ನ ನಾಲ್ಕನೇ ಪುಟದಲ್ಲೂ ಉಬ್ಬಿ ಕಾಣುತ್ತದೆ. ನೋವಾಯಿತೇ ಎಂದರೆ ಆಯಿತು. ಆದರೆ ಮೌನೇಶ ಅದರ ಪಕ್ಕ ಸಹಿ ಹಾಕಿ, ಅಂಚು ಸರಿಯಾಗಿದೆಯೇ ಎಂದು ಬಡಿಗನ ಕಣ್ಣಿನಿಂದ ಒಮ್ಮೆ ನೋಡಿ ತಲೆಯಾಡಿಸಿದಾಗ, ಚಿತ್ತಿಲ್ಲದ ಮೈಯ ಮೇಲಿನ ನನ್ನ ಆಸೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ನಾನು ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಡಾಕ್ಟರು ಹುಡುಗಿಯನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಇಪ್ಪತ್ತು ದಿನ ನಿರ್ಧಾರವಾಗಲಿಲ್ಲ. ಆ ಇಪ್ಪತ್ತು ದಿನ ಅನಸೂಯಾ ಖಾನಾವಳಿಯಿಂದ ಬರುವಾಗ ದಿನವೂ ಶಾಖೆಯ ಮೆಟ್ಟಿಲು ಹತ್ತಿ ಕೇಳಿ ಹೋಗುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಕೊನೆಗೆ ನನ್ನ ಬೆನ್ನಿಗೆ ಒಂದು ಚೀಟಿ ಅಂಟಿತು: ರಂಧ್ರ ಪೂರ್ತಿ ಮುಚ್ಚಿದೆ, ಹುಡುಗಿಯನ್ನು ಸೇರಿಸಬಹುದು, ಹೃದಯದ ಚಿಕಿತ್ಸೆಗೆ ಮಾತ್ರ ಮೂರು ವರ್ಷ ಕಾಯಬೇಕು, ಮೊದಲ ತಿಂಗಳು ಕಳೆದ ಮೇಲೆ ಉಳಿದ ಕಾಯಿಲೆಗಳಿಗೆಲ್ಲ ವಿಮೆ ಉಂಟು. ಮೇಟಿಯವರು ತಾವೇ ಖಾನಾವಳಿಗೆ ಹೋಗಿ ಸುದ್ದಿ ಹೇಳಿದರಂತೆ. ಎರಡು ಬಿಸಿ ರೊಟ್ಟಿ ತಿಂದು ಬಂದರಂತೆ.

ಆಮೇಲೆ ನನ್ನನ್ನು ದಫ್ತರ ಕೋಣೆಗೆ ಕಳಿಸಿದರು. ಕಬ್ಬಿಣದ ಕಪಾಟು, ನುಸಿಗುಳಿಗೆಯ ವಾಸನೆ, ಎಡಕ್ಕೆ ಬಲಕ್ಕೆ ನನ್ನಂಥವೇ ಸಾವಿರ ಅರ್ಜಿಗಳು. ಎಲ್ಲವೂ ಚೊಕ್ಕ. ನನ್ನ ಗೀಟು ನೋಡಿ ಮೊದಮೊದಲು ಅವು ಸರಿದು ಕೂತವು.

ಎರಡನೇ ವರ್ಷದ ಮಳೆಗಾಲದಲ್ಲಿ ಭುವನಾಗೆ ಡೆಂಗಿ ಜ್ವರ ಬಂತು. ಇದು ನನಗೆ ತಿಳಿದದ್ದು, ಕಪಾಟಿನಿಂದ ನನ್ನನ್ನು ಎಳೆದು ಆಸ್ಪತ್ರೆಯಿಂದ ಬಂದ ಕಾಗದಗಳ ಪಕ್ಕ ಇಟ್ಟಾಗ. ಅವು ಇನ್ನೂ ಔಷಧದ ವಾಸನೆ ಬೀರುತ್ತಿದ್ದವು. ಅವೇ ಹೇಳಿದವು. ನಡುಹಗಲು ಸುಡುವ ಜ್ವರದಲ್ಲಿ ಹುಡುಗಿಯನ್ನು ತಂದು ಮಲಗಿಸಿದಾಗ, ಡಾಕ್ಟರು ಕೇಳುವ ಮೊದಲೇ ಒಬ್ಬ ಮುದುಕಿ ಮುಂದೆ ಬಂದು ಗಟ್ಟಿಯಾಗಿ, "ಇಕಿ ಎದಿಯಾಗ ತೂತು ಇತ್ತು, ಮುಚ್ಚ್ಯಾರ, ನೋಡಿ ಔಷಧ ಕೊಡ್ರಿ," ಎಂದಳಂತೆ. ಅದನ್ನು ಕೇಳಿ ಅವರು ಸಲೈನನ್ನು ನಿಧಾನವಾಗಿ, ಹೃದಯ ನೋಡಿಕೊಂಡು ಹನಿಸಿದರಂತೆ. ಐದನೇ ದಿನಕ್ಕೆ ಹುಡುಗಿ ಎದ್ದು ಕೂತು ಮಂಡಕ್ಕಿ ಕೇಳಿತಂತೆ.

ಹುಬ್ಬಳ್ಳಿಯ ಅಧಿಕಾರಿಗೆ ಎದೆಯ ಹಳೆಯ ಆಪರೇಷನ್ನಿನ ಮಾತು ಕಂಡು ಅನುಮಾನ ಬಂದಿತ್ತು. ಅದಕ್ಕೇ ನನ್ನನ್ನು ಕರೆಸಿದ್ದು. ಅವರು ಮೂರನೇ ಪುಟ ತೆರೆದರು. ಗೀಟು ನೋಡಿದರು, ಅದರ ಕೆಳಗಿನ ಇಲ್ಲ ನೋಡಿದರು, ಪಕ್ಕದ ಒತ್ತಿ ಬರೆದ ಹೌದು ನೋಡಿದರು, ಸಹಿ, ತಾರೀಖು ನೋಡಿದರು. ಆಸ್ಪತ್ರೆಯ ಕಾಗದದ ಮೇಲೆ ಬರೆದರು: "ಮೊದಲೇ ತಿಳಿಸಿದ್ದಾರೆ. ಹಣಕ್ಕೆ ತಡೆ ಬೇಡ."

ಈಗ ನನಗೆ ವಯಸ್ಸಾಗಿದೆ. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಬಣ್ಣ ಬಿಟ್ಟಿದೆ. ಹೃದಯದ ಮೂರು ವರ್ಷವೂ ತುಂಬಿತೆಂದು ಒಂದು ಚೀಟಿ ಬಂದು ಹೋಯಿತು. ನನ್ನ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿದ್ದಾರೆ, ಇನ್ನು ಕೆಲವು ವರ್ಷಕ್ಕೆ ನನ್ನನ್ನು ರದ್ದಿಗೆ ಹಾಕುತ್ತಾರೆ. ಹಾಕಲಿ. ನನ್ನನ್ನು ಮುದ್ರಿಸಿದವನಿಗೆ ಋಣಿ, ಅವಸರದಲ್ಲಿ ತುಂಬಿದವನಿಗೂ ಋಣಿ. ಹಿಟ್ಟಿನ ಕೈಯಲ್ಲಿ ಮೆಟ್ಟಿಲು ಹತ್ತಿ ಓಡಿ ಬಂದವಳ ಋಣವನ್ನು ಮಾತ್ರ ಎಷ್ಟು ಹೇಳಿದರೂ ತೀರುವುದಿಲ್ಲ. ಅವಳು ಅಂದು ಬಾರದಿದ್ದರೆ ನಾನು ಇಂದಿಗೂ ಒಂದು ಚಿತ್ತಿಲ್ಲದೆ ಇರುತ್ತಿದ್ದೆ, ಆ ಮಳೆಗಾಲದಲ್ಲಿ ಆ ಮನೆಯವರಿಗೆ ಯಾವ ಉಪಯೋಗಕ್ಕೂ ಬಾರದೆ. ಅಕ್ಕಪಕ್ಕದ ಅರ್ಜಿಗಳು ಈಗ ದೂರ ಸರಿಯುವುದಿಲ್ಲ. ಹೊಸದಾಗಿ ಬಂದವು ಕೆಲವು ಮೆಲ್ಲಗೆ ಹತ್ತಿರ ಬಂದು, "ಅಜ್ಜಾ, ನಮ್ಮದ್ರಾಗೂ ಒಂದು ತಪ್ಪು ಐತಿ. ತಿದ್ದಾಕ ಯಾರಾರ ಬರ್ತಾರೇನು?" ಎಂದು ಕೇಳುತ್ತವೆ.

ನನಗೇನು ಗೊತ್ತು? ಮೆಟ್ಟಿಲ ಕಡೆ ಕಿವಿ ಇಟ್ಟುಕೊಂಡಿರಿ ಎನ್ನುತ್ತೇನೆ.